ಕುರ್ಚಿ ಹುಡುಕಿಕೊಂಡು ನಾಲ್ಕು ದಿನ

ಗುರುವಾರ, ಲಂಡನ್

ವಿಕ್ಟೋರಿಯಾ ಸ್ಟೇಷನ್ನಿಂದ ಹೊರಬಿದ್ದು ಐದು ನಿಮಿಷ ನಡೆದಿರಲಿಲ್ಲ, ‘ಅಗೋ, ಬಂದೇಬಿಡ್ತು’ ಎಂದಳು ನಮ್ಮಾಕೆ. ರಸ್ತೆಯ ಬಲಕ್ಕೆ ಒಂದು ಚೌಕ, ಅದರಾಚೆ ಕೆಂಪು ಇಟ್ಟಿಗೆಯ ಮೇಲೆ ಬಿಳಿ ಕಲ್ಲಿನ ಪಟ್ಟೆ ಬಳಿದಂಥ ಕಟ್ಟಡ, ಮಗ್ಗುಲಲ್ಲಿ ಕತ್ತು ನೋಯಿಸುವ ಎತ್ತರದ ಗೋಪುರ. ಲೀಡ್ಸಿನಲ್ಲಿರುವ ಮಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಮುಂಗಡ ಟಿಕೆಟ್ ತೆಗೆದು ಫೋನಿಗೆ ಕಳಿಸಿದ್ದ. ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರಿಗೆ ಫೋನು ಹಿಡಿದೆ. ಅವರು ನಕ್ಕರು. ಇದು ವೆಸ್ಟ್‌ಮಿನ್‌ಸ್ಟರ್ ಕೆಥೆಡ್ರಲ್, ನಿಮ್ಮದು ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಇದೇ ರಸ್ತೆಯಲ್ಲಿ ನೇರ ಹೋಗಿ, ಇನ್ನೊಂದು ಹತ್ತು ಹದಿನೈದು ನಿಮಿಷ ಎಂದರು. ದಿನಕ್ಕೆ ಎಷ್ಟು ಜನ ಹೀಗೆ ಬರುತ್ತಾರೋ, ಹೇಳಿ ಹೇಳಿ ರೂಢಿಯಾದ ಧಾಟಿ ಅದು.

‘ಎರಡಕ್ಕೂ ಏನು ವ್ಯತ್ಯಾಸ?’ ಎಂದು ನಮ್ಮಾಕೆ ಕೇಳಿದಳು, ನನ್ನನ್ನು. ನಾನು ಮೈಸೂರಿನವನು. ಸೇಂಟ್ ಫಿಲೋಮಿನಾದ ಜೋಡಿ ಗೋಪುರ ನೋಡುತ್ತ ಬೆಳೆದವನು. ಬೋರ್ಡಿನಲ್ಲಿ ಕೆಥೆಡ್ರಲ್ ಎಂದಿದ್ದರೂ ಆಟೋದವರಿಗೂ ನಮಗೂ ಅದು ಫಿಲೋಮಿನಾ ಚರ್ಚೇ. ಹಾಗಾಗಿ ನನ್ನ ಅರವತ್ತೆರಡು ವರ್ಷದ ತಿಳಿವಳಿಕೆಯನ್ನೇ ಹೇಳಿದೆ: ಚಿಕ್ಕದು ಚರ್ಚು, ದೊಡ್ಡದು ಕೆಥೆಡ್ರಲ್. ಹಿರಿಯರಿಗೆ ಕನ್ನಡ ಬರದಿದ್ದರೂ ನಾನು ಕೈಯಲ್ಲಿ ಮಾಡಿದ ಚಿಕ್ಕದು-ದೊಡ್ಡದರ ಅಭಿನಯ ಅರ್ಥವಾಗಿರಬೇಕು. ‘ಒಳಗೆ ಬನ್ನಿ, ಇಲ್ಲಿ ಟಿಕೆಟ್ ಇಲ್ಲ’ ಎಂದು ಕರೆದುಕೊಂಡು ಹೋದರು.

ಒಳಗೆ ಮೊದಲು ಕಣ್ಣಿಗೆ ಬಿದ್ದದ್ದು ಕತ್ತಲೆ. ಕೆಳಗೆಲ್ಲ ಬಣ್ಣಬಣ್ಣದ ಅಮೃತಶಿಲೆ, ಚಿನ್ನದ ಹೊಳಪಿನ ಮೊಸಾಯಿಕ್. ಮೇಲೆ ಗುಮ್ಮಟಗಳು ಮಾತ್ರ ಹೊಗೆ ಹಿಡಿದ ಅಡುಗೆಮನೆಯ ಮಾಡಿನಂತೆ ಕಪ್ಪು. ಮೊಸಾಯಿಕ್ ಹಚ್ಚುವ ಕೆಲಸ ಅಲ್ಲಿವರೆಗೆ ಇನ್ನೂ ತಲುಪಿಲ್ಲವಂತೆ. 1895ರಲ್ಲಿ ಅಡಿಗಲ್ಲು, 1903ರಲ್ಲಿ ಬಾಗಿಲು ತೆರೆದದ್ದು. ಜಾನ್ ಫ್ರಾನ್ಸಿಸ್ ಬೆಂಟ್ಲಿ ಎಂಬ ವಾಸ್ತುಶಿಲ್ಪಿ ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡ. ಅದಕ್ಕೂ ಮುಂಚೆ ಈ ಜಾಗದಲ್ಲಿ ಜೈಲಿತ್ತು. ಹತ್ತಿರದಲ್ಲೇ ಅಬ್ಬೆ ಇರುವಾಗ ಅದೇ ಗಾಥಿಕ್ ಶೈಲಿಯಲ್ಲಿ ಪೈಪೋಟಿಗೆ ನಿಲ್ಲುವುದು ಬೇಡವೆಂದು ಕ್ಯಾಥೊಲಿಕರು ಬೈಜಾಂಟಿಯಂ ಮಾದರಿ ಹಿಡಿದರು.

ಹಿರಿಯರು ತೋರಿಸಲು ಕರೆತಂದದ್ದು ಇದ್ಯಾವುದನ್ನೂ ಅಲ್ಲ. ಬಲಿಪೀಠದ ಹತ್ತಿರ ಅಮೃತಶಿಲೆಯ ಒಂದು ಆಸನ. ಇಲ್ಲಿನ ಆರ್ಚ್‌ಬಿಷಪ್ ಕೂರುವ ಜಾಗ. ‘ಕಥೆಡ್ರಾ’ ಎಂದರೆ ಗ್ರೀಕಿನಲ್ಲಿ ಕುರ್ಚಿ. ಬಿಷಪ್ಪರ ಕುರ್ಚಿ ಎಲ್ಲಿದೆಯೋ ಅದು ಕೆಥೆಡ್ರಲ್. ಅಷ್ಟೇ. ಗಾತ್ರ, ವಯಸ್ಸು, ಚೆಲುವು ಯಾವುದೂ ಲೆಕ್ಕಕ್ಕಿಲ್ಲ. ರೋಮ್ ನಗರದ ಕೆಥೆಡ್ರಲ್ ಕೂಡ ಜಗತ್ತೇ ಹೋಗಿ ನೋಡುವ ಸೇಂಟ್ ಪೀಟರ್ಸ್ ಅಲ್ಲ, ಊರಿನ ಇನ್ನೊಂದು ಭಾಗದಲ್ಲಿರುವ ಸೇಂಟ್ ಜಾನ್ ಲ್ಯಾಟರನ್ ಎಂದು ಅವರು ಹೇಳಿದಾಗ ನನಗೆ ಥಟ್ಟನೆ ಹೊಳೆಯಿತು. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಇದು ಹೊಳೆಯದಿದ್ದರೆ ಹೇಗೆ? ಇದು ರೀಜನಲ್ ಆಫೀಸು. ಶಾಖೆ ಮೂರು ಮಹಡಿಯದಿರಬಹುದು, ರೀಜನಲ್ ಆಫೀಸು ಬಾಡಿಗೆಯ ಮಾಳಿಗೆಯಲ್ಲಿರಬಹುದು. ರೀಜನಲ್ ಮ್ಯಾನೇಜರ್ ಕುರ್ಚಿ ಎಲ್ಲಿದೆಯೋ ಅದೇ ರೀಜನಲ್ ಆಫೀಸು, ನಮ್ಮ ಮಾತಿನಲ್ಲಿ ಆರ್‌ಓ. ನಮ್ಮಾಕೆಗೆ ಬ್ಯಾಂಕಿನ ಹೋಲಿಕೆ ರುಚಿಸಲಿಲ್ಲ. ‘ಪೀಠ ಅನ್ನಿ ಸಾಕು’ ಎಂದಳು. ಅವಳದೇ ಸರಿ. ಪೀಠ ಎಂಬ ಮಾತು ಕೈಯಲ್ಲೇ ಇರುವಾಗ ನಾನೇಕೆ ಆರ್‌ಓ ತನಕ ಹೋದೆನೋ.

ಅಬ್ಬೆ ತಲುಪಿದಾಗ ನಮ್ಮ ಟಿಕೆಟ್ಟಿನ ಹೊತ್ತು ಮೀರಿ ಅರ್ಧ ಗಂಟೆ. ಪಾಪ, ಒಳಗೆ ಬಿಟ್ಟರು.

ಅಬ್ಬೆ ಎಂದರೆ ನಮ್ಮಲ್ಲಿ ತಾಯಿ. ಹವ್ಯಕರ ಮನೆಗಳಲ್ಲಿ ಇಂದಿಗೂ ಹಾಗೇ ಕರೆಯುತ್ತಾರೆ. ಇಲ್ಲಿಯ ಅಬ್ಬೆ ಬಂದಿರುವುದು ತಂದೆಯಿಂದ. ‘ಅಬ್ಬಾ’ ಎಂದರೆ ಅರಮೇಯಿಕ್ ಭಾಷೆಯಲ್ಲಿ ಅಪ್ಪ. ಅದರಿಂದ ಅಬಟ್, ಮಠದ ಯಜಮಾನ. ಅವನ ಮಠ ಅಬ್ಬೆ. ಮಡಿಕೇರಿಯ ಅಬ್ಬಿ ಜಲಪಾತವನ್ನು ಇಂಗ್ಲಿಷಿನಲ್ಲಿ ಇದೇ ಸ್ಪೆಲ್ಲಿಂಗಿನಲ್ಲಿ ಬರೆಯುತ್ತಾರಲ್ಲ, ಅದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಅಂತೂ ಪೀಠ ಇದ್ದರೆ ಕೆಥೆಡ್ರಲ್, ಸನ್ಯಾಸಿಗಳು ಒಟ್ಟಿಗೆ ಬಾಳುವ ಮಠ ಇದ್ದರೆ ಅಬ್ಬೆ ಎಂದು ಮನಸ್ಸಿನಲ್ಲೇ ಲೆಕ್ಕ ಚುಕ್ತಾ ಮಾಡಿಕೊಂಡು ಒಳಗೆ ಹೋದೆ. ಹೊರಬರುವ ಹೊತ್ತಿಗೆ ಲೆಕ್ಕ ಮತ್ತೆ ತಪ್ಪಿತ್ತು.

ಏಕೆಂದರೆ ಈ ಅಬ್ಬೆಯಲ್ಲಿ ಮಠವಿಲ್ಲ. ಹತ್ತನೆಯ ಶತಮಾನದಿಂದ ಬೆನೆಡಿಕ್ಟ್ ಪಂಥದ ಸನ್ಯಾಸಿಗಳಿದ್ದದ್ದು ನಿಜ. 1540ರಲ್ಲಿ ಎಂಟನೆಯ ಹೆನ್ರಿ ಮಠ ಮುಚ್ಚಿಸಿ, ಅದೇ ವರ್ಷ ಇಲ್ಲೊಂದು ಬಿಷಪ್ ಪೀಠ ಇಟ್ಟ. ಹತ್ತೇ ವರ್ಷಕ್ಕೆ ಅದು ರದ್ದು. ಅವನ ಮಗಳು ಮೇರಿ ಸನ್ಯಾಸಿಗಳನ್ನು ವಾಪಸು ಕರೆಸಿದಳು. ಇನ್ನೊಬ್ಬ ಮಗಳು ಎಲಿಜಬೆತ್ ಅವರನ್ನು ಮತ್ತೆ ಹೊರಗಟ್ಟಿ 1560ರಲ್ಲಿ ಅರಸೊತ್ತಿಗೆಗೆ ನೇರ ಸೇರಿದ ಚರ್ಚು ಮಾಡಿದಳು. ಈಗಲೂ ಲಂಡನ್ನಿನ ಬಿಷಪ್ಪರಿಗೆ ಇಲ್ಲಿ ಅಧಿಕಾರವಿಲ್ಲ. ಡೀನ್ ಎಂಬ ಮುಖ್ಯಸ್ಥರು ಉತ್ತರ ಹೇಳಬೇಕಾದದ್ದು ದೊರೆಗೆ. ಅಂದರೆ ಹೆಸರಿಗೆ ಅಬ್ಬೆ, ಒಂದು ಕಾಲಕ್ಕೆ ಕೆಥೆಡ್ರಲ್, ಈಗ ಎರಡೂ ಅಲ್ಲ!

ಇಲ್ಲೂ ಒಂದು ಕುರ್ಚಿ ಇದೆ, ಬಿಷಪ್ಪರದಲ್ಲ. 1300ರ ಸುಮಾರಿಗೆ ಮಾಡಿಸಿದ ಪಟ್ಟಾಭಿಷೇಕದ ಮರದ ಕುರ್ಚಿ. ಗಾಜಿನಾಚೆ ಇಟ್ಟಿದ್ದಾರೆ. ಹತ್ತಿರದಿಂದ ನೋಡಿದರೆ ಹಳೆಯ ಶಾಲೆಯ ಡೆಸ್ಕಿನಂತೆ ಮೈತುಂಬ ಕೆತ್ತಿದ ಹೆಸರುಗಳು. ಅದರಲ್ಲೊಬ್ಬ, ಪಿ. ಅಬಟ್ ಎಂಬವನು, 1800ರ ಜುಲೈ 5–6ರ ರಾತ್ರಿ ಈ ಕುರ್ಚಿಯಲ್ಲಿ ಮಲಗಿದ್ದೆ ಎಂದು ಕೊರೆದಿದ್ದಾನೆ. ಮಠಾಧಿಪತಿಯನ್ನು ಓಡಿಸಿ ಇನ್ನೂರ ನಲವತ್ತು ವರ್ಷವಾದ ಮೇಲೆ ಅಬಟ್ ಎಂಬ ಹೆಸರಿನವನೇ ಬಂದು ಸಿಂಹಾಸನದಲ್ಲಿ ನಿದ್ದೆ ಹೊಡೆದು ಹೋದದ್ದು ನ್ಯೂಟನ್ನನ ಸಮಾಧಿಗಿಂತ ಹೆಚ್ಚು ಸಂತೋಷ ಕೊಟ್ಟಿತು. ನ್ಯೂಟನ್, ಡಾರ್ವಿನ್, ರಾಜರು, ಕವಿಗಳು ಬೇಕಾದಷ್ಟಿದ್ದಾರೆ. ನೆಲದ ಮೇಲಿನ ಹೆಸರುಗಳನ್ನು ತುಳಿಯದೆ ನಡೆಯುವುದರಲ್ಲೇ ನಮ್ಮಿಬ್ಬರ ಗಮನ ಕಳೆದುಹೋಯಿತು.

ಶುಕ್ರವಾರ, ಯಾರ್ಕ್

ಕಿಂಗ್ಸ್ ಕ್ರಾಸಿನಿಂದ ಎರಡು ಗಂಟೆಯ ರೈಲು. ಬುತ್ತಿಯಲ್ಲಿ ಚಪಾತಿ, ಚಟ್ನಿಪುಡಿ. ಎದುರು ಕೂತಿದ್ದ ಹುಡುಗಿ ಚಟ್ನಿಪುಡಿಯ ವಾಸನೆಗೆ ತಲೆಯೆತ್ತಿದಳು, ಬೈಯಲಿಲ್ಲ.

ಯಾರ್ಕಿನ ದೊಡ್ಡ ಚರ್ಚಿಗೆ ಮಿನ್‌ಸ್ಟರ್ ಎಂಬ ಮೂರನೆಯ ಹೆಸರು. ಲ್ಯಾಟಿನ್ನಿನ ‘ಮೊನಾಸ್ಟೀರಿಯಂ’, ಅಂದರೆ ಸನ್ಯಾಸಿಗಳ ಮಠ ಎಂಬ ಮಾತೇ ಸವೆದು ಮಿನ್‌ಸ್ಟರ್ ಆದದ್ದು. ಆದರೆ ಈಗಿರುವ ಈ ಕಟ್ಟಡದಲ್ಲಿ ಸನ್ಯಾಸಿಗಳು ಬಾಳಿದ್ದೇ ಇಲ್ಲ! ಇದು ಆರ್ಚ್‌ಬಿಷಪ್ಪರ ಪೀಠ, ಅಪ್ಪಟ ಕೆಥೆಡ್ರಲ್. ನಡೆಸುತ್ತಿದ್ದವರು ಕ್ಯಾನನ್ನರು. ಅವರೂ ಪಾದ್ರಿಗಳೇ, ಆದರೆ ಸ್ವಂತ ಮನೆ, ಸ್ವಂತ ಆದಾಯ ಇದ್ದವರು. ಮಠದವರಂತೆ ಒಂದೇ ಸೂರಿನಡಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು, ನಡುರಾತ್ರಿ ಎದ್ದು ಪ್ರಾರ್ಥನೆಗೆ ಓಡುವ ಕಟ್ಟಳೆ ಅವರಿಗಿಲ್ಲ. ಮಠವಾದರೆ ದಿನಕ್ಕೆ ಎಂಟು ಹೊತ್ತಿನ ಪ್ರಾರ್ಥನೆ.

ಸುಮಾರು 1220ರಿಂದ 1472ರವರೆಗೆ ಕಟ್ಟಿದ್ದು. ಒಳಗೆ ಹೋದವರು ಪೂರ್ವದ ತುದಿಯ ಗಾಜಿನ ಕಿಟಕಿಯ ಮುಂದೆ ಕೂತುಬಿಡಬೇಕು. ಟೆನಿಸ್ ಅಂಕಣದಷ್ಟು ದೊಡ್ಡದು. ಮುನ್ನೂರಕ್ಕೂ ಹೆಚ್ಚು ಚೌಕಗಳಲ್ಲಿ ಸೃಷ್ಟಿಯಿಂದ ಪ್ರಳಯದವರೆಗಿನ ಕಥೆ. ಮಾಡಿದವನು ಕೊವೆಂಟ್ರಿಯ ಜಾನ್ ಥಾರ್ನ್‌ಟನ್. 1405ರಲ್ಲಿ ಒಪ್ಪಿ 1408ರಲ್ಲಿ ಮುಗಿಸಿದ. ಅವನ ಕರಾರಿನ ವಿವರ ಓದಿ ನನ್ನೊಳಗಿನ ಬ್ಯಾಂಕಿನವನು ಎದ್ದು ಕೂತ. ವಾರಕ್ಕೆ 4 ಷಿಲಿಂಗ್, ವರ್ಷದ ಕೊನೆಗೆ 5 ಪೌಂಡ್, ಮೂರು ವರ್ಷದೊಳಗೆ ಮುಗಿಸಿದರೆ ಮೇಲೆ 10 ಪೌಂಡ್. ಟಿಕೆಟ್ಟಿನ ಹಿಂಬದಿಯಲ್ಲೇ ಕೂಡಿಸಿದೆ: ಸುಮಾರು 56 ಪೌಂಡ್. ಅಷ್ಟು ದುಡ್ಡು ತೆಗೆದುಕೊಂಡವನು ಹೇಳಿದ ಹೊತ್ತಿಗೆ ಕೆಲಸ ಒಪ್ಪಿಸಿದ್ದಾನೆ. ನಮ್ಮ ಮನೆಗೆ ಕಿಟಕಿ ಮಾಡಿಕೊಟ್ಟವರು ನೆನಪಾದರು. ಅವರ ಹೆಸರು ಬೇಡ.

ಮಿನ್‌ಸ್ಟರಿನಿಂದ ಕೂಗಳತೆಯಲ್ಲಿ ಮ್ಯೂಸಿಯಂ ಗಾರ್ಡನ್ಸ್ ಎಂಬ ಉದ್ಯಾನ. ಹುಲ್ಲಿನ ಮೇಲೆ ಒಂದು ಉದ್ದದ ಗೋಡೆ, ಗಾಜಿಲ್ಲದ ಕಿಟಕಿ ಕಮಾನುಗಳು, ಅದರೊಳಗಿಂದ ಕಾಣುವ ಆಕಾಶ. ಸೇಂಟ್ ಮೇರೀಸ್ ಅಬ್ಬೆ. ಒಂದು ಕಾಲದಲ್ಲಿ ಉತ್ತರ ಇಂಗ್ಲೆಂಡಿನ ಅತಿ ಶ್ರೀಮಂತ ಮಠಗಳಲ್ಲೊಂದು. ಅಳಿಲುಗಳು ಓಡಾಡುತ್ತಿದ್ದವು. ಅದೇ ಊರು, ಅದೇ ಧರ್ಮ, ನಡುವೆ ನಾಲ್ಕು ಬೀದಿ. ಅಲ್ಲಿ ಆರುನೂರು ವರ್ಷದ ಗಾಜು ನಿಂತಿದೆ, ಇಲ್ಲಿ ಸೂರೂ ಇಲ್ಲ.

ಕಾರಣ ಹೆನ್ರಿಯೇ. 1535ರಲ್ಲಿ ದೇಶದ ಚರ್ಚುಗಳ, ಮಠಗಳ ಆದಾಯವನ್ನೆಲ್ಲ ಲೆಕ್ಕ ಬರೆಸಿದ. 1536ರಲ್ಲಿ ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳು ಮುಚ್ಚಿದವು. 1540ರ ಹೊತ್ತಿಗೆ ದೊಡ್ಡವೂ ಹೋದವು. ಒಟ್ಟು ಎಂಟುನೂರರಷ್ಟು. ಭೂಮಿ ಅರಸನಿಗೆ, ಆಮೇಲೆ ಕೊಂಡವರಿಗೆ. ಮಾಡಿನ ಮೇಲಿನ ಸೀಸದ ಹಾಳೆ ಕಿತ್ತು ಕರಗಿಸಿದರು. ಸೀಸ ಹೋದರೆ ಮಳೆ ಒಳಗೆ. ಇಂಗ್ಲೆಂಡಿನ ಮಳೆಗೆ ಮಿಕ್ಕ ಕೆಲಸ ಹೇಳಿಕೊಡಬೇಕಾಗಿಲ್ಲ. ಬಿಷಪ್ಪರ ಪೀಠಗಳು ಮಾತ್ರ ಅರಸನಿಗೆ ಬೇಕಿದ್ದವು. ಪೋಪನನ್ನು ಬಿಟ್ಟು ತಾನೇ ಮುಖ್ಯಸ್ಥನಾದ ಹೊಸ ಚರ್ಚಿನಲ್ಲೂ ಬಿಷಪ್ಪರು ಇರಲೇಬೇಕು, ಮಠಗಳು ಇರಬೇಕಾದ್ದಿಲ್ಲ. ಕುರ್ಚಿ ಇದ್ದ ಕಡೆ ಮಾಡು ಉಳಿಯಿತು.

ನಮ್ಮಾಕೆ ಗೋಡೆಯ ನೆರಳಲ್ಲಿ ಕೂತು ಫಲಕ ಓದುತ್ತಿದ್ದಳು. ‘ಇಲ್ಲಿ ನೋಡಿ, ಇವರೇನೂ ಸಾಚಾ ಅಲ್ಲ, ಜಗಳವಾಗಿದೆ’ ಎಂದಳು. 1132ರ ಜಗಳ. ಈ ಮಠದಲ್ಲಿ ಊಟ ಉಡುಪು ಎಲ್ಲ ಸುಖದ್ದಾಯಿತು, ಬೆನೆಡಿಕ್ಟನ ನಿಯಮಕ್ಕೆ ಮರಳೋಣ ಎಂದು ಕೆಲವರು ತಕರಾರು ತೆಗೆದರು. ವಿಚಾರಿಸಲು ಬಂದ ಆರ್ಚ್‌ಬಿಷಪ್ ಥರ್ಸ್ಟನ್ ಎದುರಲ್ಲೇ ಗಲಾಟೆಯಾಗಿ, ಹದಿಮೂರು ಸನ್ಯಾಸಿಗಳನ್ನು ಅವನು ತನ್ನ ಜೊತೆ ಕರೆದುಕೊಂಡು ಹೋದ. ಆ ಚಳಿಗಾಲದಲ್ಲಿ ರಿಪನ್ ಹತ್ತಿರದ ಸ್ಕೆಲ್ ಹೊಳೆಯ ಕಣಿವೆಯಲ್ಲಿ ಮುಳ್ಳುಕಂಟಿಯ ಜಾಗ ಕೊಟ್ಟ. ನಾಳೆ ನಾವು ಹೋಗಬೇಕಿದ್ದದ್ದು ಅಲ್ಲಿಗೇ.

ಶನಿವಾರ, ಫೌಂಟನ್ಸ್ ಮತ್ತು ರಿಪನ್

ಮಗನಿಗೆ ರಜ, ಕಾರಿನಲ್ಲಿ ಬಂದ. ಸಂದರ್ಶಕರ ಕೇಂದ್ರದಿಂದ ಇಳಿಜಾರಿನಲ್ಲಿ ನಡೆಯುತ್ತ ಹೋದರೆ ಮೊದಲು ಮರಗಳ ಮೇಲೆ ಗೋಪುರದ ತಲೆ, ಆಮೇಲೆ ಒಂದು ತಿರುವಿನಲ್ಲಿ ಇಡೀ ಕಣಿವೆ. ಮೂವರೂ ಮಾತಿಲ್ಲದೆ ನಿಂತೆವು. ಹಂಪಿ ನೋಡಿದವರಿಗೆ ಹಾಳೂರಿನ ಬೆರಗು ಹೊಸದಲ್ಲ. ಇಲ್ಲಿ ಹೊಸದೆಂದರೆ ಹಸಿರು. ಚರ್ಚಿನ ನಡುಮನೆಯಲ್ಲಿ, ಊಟದ ಮನೆಯಲ್ಲಿ, ಅಂಗಳದಲ್ಲಿ, ಕಲ್ಲು ಎಲ್ಲೆಲ್ಲಿ ನಿಂತಿದೆಯೋ ಅಲ್ಲೆಲ್ಲ ಬುಡದವರೆಗೆ ಕತ್ತರಿಸಿದ ಹುಲ್ಲು.

ಅಬ್ಬೆ ಎಂದರೇನು ಎಂಬುದು ನನಗೆ ಅರ್ಥವಾದದ್ದು ಇಲ್ಲಿ. ಕೆಥೆಡ್ರಲ್ಲಿನಲ್ಲಿ ಜನ ಬಂದು ಹೋಗುವ ಬಾಗಿಲು ಮುಖ್ಯ. ಇಲ್ಲಿ ಚರ್ಚು ಒಂದು ದೊಡ್ಡ ಸಂಸಾರದ ದೇವರಮನೆ ಮಾತ್ರ. ಅದಕ್ಕಂಟಿಕೊಂಡು ಚೌಕದ ಅಂಗಳ, ಸುತ್ತ ಮೊಗಸಾಲೆ. ಒಂದು ಮಗ್ಗುಲಿಗೆ ಸಭಾಮನೆ. ದಿನವೂ ಬೆಳಿಗ್ಗೆ ನಿಯಮದ ಪುಸ್ತಕದ ಒಂದು ಅಧ್ಯಾಯ ಓದಿ, ತಪ್ಪು ಮಾಡಿದವರನ್ನು ವಿಚಾರಿಸುವ ಜಾಗ. ಮಹಡಿಯಲ್ಲಿ ಎಲ್ಲರೂ ಸಾಲಾಗಿ ಮಲಗುವ ಕೋಣೆ. ಇನ್ನೊಂದು ಮಗ್ಗುಲಿಗೆ ಊಟದ ಮನೆ, ಪಕ್ಕದಲ್ಲಿ ಬೆಂಕಿ ಕಾಯಿಸಿಕೊಳ್ಳುವ ಕೋಣೆ. ‘ಇಷ್ಟು ದೊಡ್ಡ ಮಠಕ್ಕೆ ಚಳಿ ಕಾಯಿಸೋಕೆ ಒಂದೇ ರೂಮಾ!’ ಎಂದು ನಮ್ಮಾಕೆ ಶಾಲು ಎಳೆದುಕೊಂಡಳು.

ಪಶ್ಚಿಮದ ಉಗ್ರಾಣ ಮಾತ್ರ ಇನ್ನೂ ಸೂರು ಸಮೇತ ನಿಂತಿದೆ. ಸುಮಾರು 300 ಅಡಿ ಉದ್ದ, ನಡುವೆ ಒಂದೇ ಸಾಲು ಕಂಬ, ಪ್ರತಿ ಕಂಬದ ನೆತ್ತಿಯಿಂದ ತಾಳೆಗರಿಯಂತೆ ಎರಡೂ ಕಡೆ ಬಿಚ್ಚಿಕೊಳ್ಳುವ ಕಮಾನು. ಈಗ ಬಾವಲಿಗಳ ವಾಸ. ಇದರ ಒಂದು ಭಾಗದಲ್ಲಿ ಉಣ್ತಿದ್ದವರು, ಮೇಲೆ ಮಲಗುತ್ತಿದ್ದವರು ‘ಲೇ ಬ್ರದರ್ಸ್’. ವ್ರತ ಹಿಡಿದವರೇ, ಆದರೆ ಓದುಬರಹ ಇಲ್ಲದವರು, ಹೊಲ ಉಳುವ, ಕುರಿ ಕಾಯುವ, ಕಲ್ಲು ಒಡೆಯುವ ಕೆಲಸದವರು. ಅವರಿಗೆ ಚರ್ಚಿನ ಪಶ್ಚಿಮದ ಅರ್ಧ, ಓದಿದ ಸನ್ಯಾಸಿಗಳಿಗೆ ಪೂರ್ವದ ಅರ್ಧ, ನಡುವೆ ತಡಿಕೆಗೋಡೆ. ಪಂಕ್ತಿಭೇದ ಎಲ್ಲಿ ತಾನೆ ಇಲ್ಲ.

ಯಾರ್ಕಿನ ಸುಖ ಒಲ್ಲೆನೆಂದು ಬಂದ ಹದಿಮೂರು ಜನ ಸಿಸ್ಟರ್ಸಿಯನ್ ಪಂಥ ಸೇರಿದರು, ಬಣ್ಣ ಹಾಕದ ಉಣ್ಣೆ ಉಟ್ಟರು. ಆ ಉಣ್ಣೆಯೇ ಅವರ ವ್ರತ ಕೆಡಿಸಿತು. ಗುಡ್ಡಗಳ ತುಂಬ ಕುರಿ ಬೆಳೆದವು, ಇಟಲಿಯ ವರ್ತಕರು ಬಾಗಿಲಿಗೆ ಬಂದರು. ಹದಿಮೂರನೆಯ ಶತಮಾನದ ಕೊನೆಗೆ ಮಠ ಮುಂದಿನ ವರ್ಷಗಳ ಉಣ್ಣೆಯನ್ನು ಈಗಲೇ ಮಾರಿ ಮುಂಗಡ ಪಡೆಯುತ್ತಿತ್ತು. ಕುರಿಗೆ ಕಜ್ಜಿ ರೋಗ ಬಿದ್ದು ಸಾಲದಲ್ಲಿ ಮುಳುಗಿತು. ಬೆಳೆಯ ಮೇಲೆ ಸಾಲ ಕೊಟ್ಟು ವಸೂಲಿಗೆ ಅಲೆದವನಾದ್ದರಿಂದ ಇಟಲಿಯ ವರ್ತಕರ ಬಗ್ಗೆಯೂ ನನಗೆ ಮರುಕ ಉಂಟು.

1539ರ ನವೆಂಬರಿನಲ್ಲಿ ಮಠ ಅರಸನ ಕೈಸೇರಿತು. ಅಷ್ಟಾದ ಮೇಲೂ ಒಂದು ಅವಕಾಶವಿತ್ತು. ಹೆನ್ರಿ ಮುಚ್ಚಿಸಿದ ಕೆಲವು ಮಠಗಳಲ್ಲೇ ಹೊಸ ಬಿಷಪ್ ಪೀಠಗಳನ್ನು ಇಡುವ ಯೋಜನೆ ಹಾಕಿದ್ದ. ಆ ಪಟ್ಟಿಯಲ್ಲಿ ಫೌಂಟನ್ಸ್ ಹೆಸರೂ ಇತ್ತು. ಗ್ಲಾಸ್ಟರ್, ಪೀಟರ್‌ಬರೊ, ಚೆಸ್ಟರ್ ಮಠಗಳಿಗೆ ಕುರ್ಚಿ ಬಂತು, ಇವತ್ತಿಗೂ ಅವು ಕೆಥೆಡ್ರಲ್ಲುಗಳಾಗಿ ನಿಂತಿವೆ. ಈ ಸೀಮೆಯನ್ನು ಚೆಸ್ಟರಿಗೆ ಸೇರಿಸಿದರು. ಫೌಂಟನ್ಸ್ ಮಾರಾಟವಾಯಿತು. ಪಕ್ಕದಲ್ಲೇ ಫೌಂಟನ್ಸ್ ಹಾಲ್ ಎಂಬ ಚೆಂದದ ಬಂಗಲೆ ಇದೆ, ಮಠದ ಕಲ್ಲು ಕಿತ್ತು ಕಟ್ಟಿದ್ದು. ಮಗ ಅಲ್ಲಿ ಫೋಟೋಗೆ ನಿಲ್ಲಿ ಎಂದ. ನನಗೆ ಮನಸ್ಸಾಗಲಿಲ್ಲ, ಕಾಲು ನೋವೆಂದೆ.

ಹಿಂತಿರುಗುವಾಗ ರಿಪನ್. 672ರಲ್ಲಿ ವಿಲ್ಫ್ರಿಡ್ ಎಂಬವನು ಕಟ್ಟಿಸಿದ ಚರ್ಚಿನ ನೆಲಮಾಳಿಗೆ ಈಗಲೂ ಉಳಿದಿದೆ, ಗೋಡೆಗೆ ಭುಜ ತಾಗುವಷ್ಟು ಇಕ್ಕಟ್ಟು. ನಮ್ಮಾಕೆ ಮಂಡಿ ಹಿಡಿದುಕೊಂಡು ಮೇಲೆಯೇ ಉಳಿದಳು. ಹುಟ್ಟುವಾಗ ಮಠ, ಆಮೇಲೆ ಶತಮಾನಗಟ್ಟಲೆ ಮಿನ್‌ಸ್ಟರ್, 1836ರಲ್ಲಿ ಕೆಥೆಡ್ರಲ್. ಕಲ್ಲು ಅದೇ, ಕುರ್ಚಿ ಬಂತು, ಹೆಸರು ಬದಲಾಯಿತು. 2014ರಿಂದ ಇನ್ನೊಂದು ತಮಾಷೆ: ಮೂರು ಬಿಷಪ್ ಸೀಮೆಗಳನ್ನು ಕೂಡಿಸಿ ಲೀಡ್ಸ್ ಸೀಮೆ ಮಾಡಿದ್ದಾರೆ. ಹಾಗಾಗಿ ಆಂಗ್ಲಿಕನ್ ಚರ್ಚಿನ, ಅಂದರೆ ಹೆನ್ರಿಯ ಆ ಹೊಸ ಚರ್ಚಿನ, ಲೀಡ್ಸ್ ಬಿಷಪ್ಪರಿಗೆ ರಿಪನ್, ವೇಕ್‌ಫೀಲ್ಡ್, ಬ್ರಾಡ್‌ಫರ್ಡಿನಲ್ಲಿ ಮೂರು ಕೆಥೆಡ್ರಲ್ಲು. ಲೀಡ್ಸಿನಲ್ಲಿ ಒಂದೂ ಇಲ್ಲ. ‘ಬ್ಯಾಂಕ್ ಮರ್ಜರ್ ಅಪ್ಪ’ ಎಂದ ಮಗ. ನನ್ನ ಮಗನೇ.

ಭಾನುವಾರ, ಡರ್ಹಂ

ರೈಲು ಡರ್ಹಂ ಹತ್ತಿರ ಬಂದಾಗ ಎತ್ತರದ ಸೇತುವೆಯ ಮೇಲಿಂದ ಒಂದೇ ನೋಟದಲ್ಲಿ ಊರು: ವಿಯರ್ ನದಿ ಸುತ್ತುಹಾಕಿದ ಗುಡ್ಡ, ಗುಡ್ಡದ ಮೇಲೆ ಒಂದು ಕಡೆ ಕೋಟೆ, ಇನ್ನೊಂದು ಕಡೆ ಕೆಥೆಡ್ರಲ್. ಸ್ಟೇಷನ್ನಿಂದ ಇಳಿದು, ಹೊಳೆ ದಾಟಿ, ಮತ್ತೆ ಹತ್ತಬೇಕು. ಚಾಮುಂಡಿ ಬೆಟ್ಟ ಹತ್ತಿದ ಕಾಲು ಎಂಬ ಹಮ್ಮು ಅರ್ಧದಾರಿಗೆ ಇಳಿಯಿತು.

ನಾಲ್ಕು ದಿನದಲ್ಲಿ ಒಂದನ್ನೇ ನೋಡುವಿರಾದರೆ ಇದನ್ನು ನೋಡಿ ಎನ್ನುತ್ತೇನೆ. 1093ರಲ್ಲಿ ಶುರು, ನಲವತ್ತೇ ವರ್ಷದಲ್ಲಿ ಬಹುಪಾಲು ಮುಗಿಯಿತು. ಯಾರ್ಕಿನ ಹಾಗೆ ಗಾಜಿನ ಬೆಳಕಲ್ಲ, ಇಲ್ಲಿ ಕಲ್ಲಿನ ತೂಕ. ನಡುಮನೆಯ ದುಂಡು ಕಂಬಗಳ ಸುತ್ತಳತೆಯೂ ಎತ್ತರವೂ ಒಂದೇ, 6.6 ಮೀಟರ್. ಮೈಮೇಲೆ ಅಂಕುಡೊಂಕು ಗೆರೆ, ಶಂಕರಪೋಳೆ ಆಕಾರದ ಚೌಕುಳಿ. ಹೊಯ್ಸಳರ ನುಣುಪು ಕಂಬಗಳನ್ನು ನೋಡಿದ ಕಣ್ಣಿಗೆ ಒರಟು ಎನಿಸಬೇಕಿತ್ತು. ಎನಿಸಲಿಲ್ಲ.

ನನ್ನ ಲೆಕ್ಕಕ್ಕೆ ಕೊನೆಯ ತೊಡಕೂ ಇಲ್ಲೇ ಇತ್ತು. ಡರ್ಹಂ ಒಂದೇ ಹೊತ್ತಿಗೆ ಕೆಥೆಡ್ರಲ್ಲೂ ಹೌದು, ಮಠವೂ ಆಗಿತ್ತು. 1083ರಿಂದ ಇಲ್ಲಿದ್ದವರು ಬೆನೆಡಿಕ್ಟ್ ಸನ್ಯಾಸಿಗಳು, ಪೀಠ ಬಿಷಪ್ಪರದು. ಹೆಸರಿಗೆ ಬಿಷಪ್ಪರೇ ಅಬಟ್. ಮಠ ನಡೆಸುತ್ತಿದ್ದವನು ಪ್ರಯರ್. ‘ಪೀಠವೂ ಮಠವೂ ಒಂದೇ ಕಡೆ ಇದ್ದರೆ ನಮಗೇನು ಆಶ್ಚರ್ಯ, ಶೃಂಗೇರಿ ಇಲ್ಲವೇ’ ಎಂದಳು ನಮ್ಮಾಕೆ. ಆದರೆ ಈ ದೇಶದಲ್ಲಿ ಆ ಎರಡರ ನಂಟೇ ಕಟ್ಟಡವನ್ನು ಕಾಪಾಡಿತು. 1539ರ ಡಿಸೆಂಬರ್ 31ಕ್ಕೆ ಮಠ ಮುಗಿಯಿತು. 1541ರಲ್ಲಿ ಹೊಸ ಶಾಸನದಡಿ ಕೆಥೆಡ್ರಲ್ ಮುಂದುವರಿಯಿತು. ಹಳೆಯ ಪ್ರಯರ್ ಹ್ಯೂ ವೈಟ್‌ಹೆಡ್ ಮೊದಲ ಡೀನ್ ಆದ. ಬೋರ್ಡು ಬದಲಾಯಿತು, ಮ್ಯಾನೇಜರು ಅವನೇ. ಹೀಗಾಗಿ ನಿನ್ನೆ ಹುಲ್ಲಿನ ಮೇಲೆ ಊಹಿಸಿಕೊಂಡ ಕೋಣೆಗಳು ಇಲ್ಲಿ ಸೂರಿನ ಸಮೇತ ಸಿಕ್ಕವು. ಅಂಗಳದ ಸುತ್ತ ಮೊಗಸಾಲೆ ಹಾಗೇ ಇದೆ. ಮಲಗುವ ಕೋಣೆ ಈಗ ವಸ್ತುಸಂಗ್ರಹಾಲಯ. ಅದರ ಓಕ್ ಮರದ ತೊಲೆಗಳಿಗೆ ಆರುನೂರು ವರ್ಷ.

ಬಾಗಿಲಲ್ಲಿ ಸಿಂಹಮುಖದ ಬಾಗಿಲಬಳೆ. ಮೂಲ ಒಳಗಿದೆ, ಹೊರಗಿರುವುದು ಪ್ರತಿ. ಅಪರಾಧ ಮಾಡಿ ಓಡಿಬಂದವನು ಇದನ್ನು ಹಿಡಿದು ಬಡಿದರೆ 37 ದಿನ ಆಶ್ರಯ. ಅಷ್ಟರಲ್ಲಿ ರಾಜಿಯಾಗಬೇಕು, ಇಲ್ಲವೇ ದೇಶ ಬಿಡಬೇಕು.

ಪಶ್ಚಿಮದ ತುದಿಯಲ್ಲಿ ನೆಲಕ್ಕೆ ಅಡ್ಡಲಾಗಿ ಕಪ್ಪು ಕಲ್ಲಿನ ಒಂದು ಪಟ್ಟಿ. ಫ್ರಾಸ್ಟರ್ಲಿ ಎಂಬ ಕಲ್ಲು, ಬಗ್ಗಿ ನೋಡಿದರೆ ಒಳಗೆ ಕೋಟ್ಯಂತರ ವರ್ಷದ ಹವಳದ ಪಳೆಯುಳಿಕೆಗಳು. ಸನ್ಯಾಸಿಗಳ ಕಾಲದಲ್ಲಿ ಹೆಂಗಸರು ಈ ಗೆರೆ ದಾಟುವಂತಿರಲಿಲ್ಲ. ಪೂರ್ವದ ತುದಿಯಲ್ಲಿ ಮಲಗಿರುವ ಸಂತ ಕತ್‌ಬರ್ಟನಿಗೆ ಹೆಂಗಸರು ಹತ್ತಿರ ಬರುವುದು ಆಗುತ್ತಿರಲಿಲ್ಲ ಎಂಬ ಕಥೆ ಕಟ್ಟಿದ್ದರು. ನಮ್ಮಾಕೆ ಫಲಕವನ್ನು ಎರಡು ಸಲ ಓದಿದಳು. ಆಮೇಲೆ ಚಪ್ಪಲಿಯ ತುದಿಯನ್ನು ಗೆರೆಯ ಮೇಲಿಟ್ಟು, ದಾಟಿ, ವಾಪಸು ಬಂದು, ಮತ್ತೆ ದಾಟಿದಳು. ‘ನೀವು ಬನ್ನಿ, ನಿಮಗೇನೂ ತೊಂದರೆ ಇರಲಿಲ್ಲವಲ್ಲ’ ಎಂದಳು ನನಗೆ. ಅವಳ ಹಿಂದೆ ನಡೆದೆ.

ಕುರ್ಚಿ ಸಿಕ್ಕಿತು. ಸಿಗದಿರಲು ಸಾಧ್ಯವೇ ಇಲ್ಲ. ಹದಿನಾಲ್ಕನೆಯ ಶತಮಾನದ ಬಿಷಪ್ ಹ್ಯಾಟ್‌ಫೀಲ್ಡ್ ತಾನು ಬದುಕಿದ್ದಾಗಲೇ ತನ್ನ ಸಮಾಧಿ ಕಟ್ಟಿಸಿ, ಅದರ ನೆತ್ತಿಯ ಮೇಲೆ ಮೆಟ್ಟಿಲು ಹತ್ತಿ ಕೂರುವಂಥ ಪೀಠ ಮಾಡಿಸಿದ. ಕ್ರೈಸ್ತ ಲೋಕದಲ್ಲೇ ಅತಿ ಎತ್ತರದ್ದು ಎಂದು ಇಲ್ಲಿಯವರು ಹೇಳಿಕೊಳ್ಳುತ್ತಾರೆ. ಕೆಳಗೆ ಅವನು ಮಲಗಿದ್ದಾನೆ, ಮೇಲೆ ಅವನ ನಂತರದವರೆಲ್ಲ ಕೂರುತ್ತ ಬಂದಿದ್ದಾರೆ.

ಸಂಜೆಯ ಪ್ರಾರ್ಥನೆಗೆ ಹೊರಗಿನವರೂ ಬರಬಹುದೆಂದು ಹೇಳಿ ನಮ್ಮನ್ನು ಗಾಯಕರ ಹತ್ತಿರದ ಮರದ ಆಸನಗಳಲ್ಲೇ ಕೂರಿಸಿದರು. ಎದುರಿಗೇ ಆ ಪೀಠ, ಖಾಲಿ.

‘ಅವರು ಬರಲ್ವಾ?’ ಎಂದು ನಮ್ಮಾಕೆ ಪಿಸುಗುಟ್ಟಿದಳು.

‘ಇವತ್ತು ಬರೋ ಹಾಗೆ ಕಾಣಲ್ಲ. ನಡೆಸೋರು ಡೀನ್.’

ಎಲ್ಲರೂ ಎದ್ದು ನಿಂತರು. ಜೋಡಿ ಜೋಡಿಯಾಗಿ ನಡೆದುಬಂದ ಗಾಯಕರ ಮುಂದಿನ ಸಾಲಿನಲ್ಲಿ ಅವತ್ತು ಇದ್ದವರು ಹುಡುಗಿಯರು, ಹತ್ತು ಹನ್ನೆರಡು ವರ್ಷದವರು. ನಮ್ಮಾಕೆ ನನ್ನ ಮೊಣಕೈ ತಿವಿದಳು. ಹಾಡು ಶುರುವಾಯಿತು.